99ರ ಮೋಹ: ಬಾಸ್ಕೆಟ್‌ಬಾಲ್ ಗೇಮಿನ ಬಿಲ್ಡ್ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಎನ್‌ಬಿಎ 2ಕೆ ಆಡುವ ಹುಡುಗರು ನಾಲ್ವರು ಸೇರಿದರೆ ಮಾತು ಗೆದ್ದದ್ದು ಸೋತದ್ದರಲ್ಲಿ ಶುರುವಾಗಿ ಐದು ನಿಮಿಷದಲ್ಲಿ ಬಿಲ್ಡ್‌ಗೆ ಬಂದು ನಿಲ್ಲುತ್ತದೆ. ‘ನಿನ್ನ ಗಾರ್ಡ್ ಹೈಟ್ ಎಷ್ಟು ಮಗಾ?’, ‘ತ್ರೀ ಎಷ್ಟಕ್ಕಿಟ್ಟೆ?’, ‘ಡಂಕ್‌ಗೆ ಯಾಕೋ ಅಷ್ಟು ಸುರಿದೆ?’ ಬಿಲ್ಡ್ ಎಂದರೆ ಈ ಗೇಮಿನಲ್ಲಿ ನಮಗೆ ನಾವೇ ಕಟ್ಟಿಕೊಳ್ಳುವ ಆಟಗಾರ. ಯಾವ ಸ್ಥಾನದಲ್ಲಿ ಆಡುತ್ತಾನೆ, ಎತ್ತರ ಎಷ್ಟು, ತೂಕ ಎಷ್ಟು, ಎರಡೂ ತೋಳು ಚಾಚಿದರೆ ಬೆರಳಿಂದ ಬೆರಳಿಗೆ ಅಳತೆ ಎಷ್ಟು ಎಂಬುದು ಮೊದಲು. ಆಮೇಲೆ ಶೂಟಿಂಗ್, ಪಾಸಿಂಗ್, ಡ್ರಿಬ್ಲಿಂಗ್, ಡಿಫೆನ್ಸ್, ರಿಬೌಂಡ್‌ಗೆ ಎಷ್ಟೆಷ್ಟು ಅಂಕ ಎಂಬ ಹಂಚಿಕೆ.

ಈ ಸರಣಿಯ ಮೊದಲ ಗೇಮ್ 1999ರಲ್ಲಿ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್‌ಗೆ ಬಂತು. ಸ್ವಂತ ಆಟಗಾರನೊಬ್ಬನನ್ನು ಹುಟ್ಟಿಸಿ ಅವನ ವೃತ್ತಿಜೀವನವನ್ನೇ ಆಡುವ ‘ಮೈ ಪ್ಲೇಯರ್’ ವಿಧಾನ ಸೇರಿದ್ದು 2ಕೆ10ರಲ್ಲಿ. 2ಕೆ17 ಬಂದಾಗ ಶಾರ್ಪ್‌ಶೂಟರ್, ಪ್ಲೇಮೇಕರ್, ಗ್ಲಾಸ್ ಕ್ಲೀನರ್ ಎಂಬಂತಹ ಸಿದ್ಧ ಅಚ್ಚುಗಳಿದ್ದವು, ಒಂದನ್ನು ಆರಿಸಿಕೊಂಡರೆ ಮುಗಿಯಿತು. ಮರುವರ್ಷ ಎರಡು ಅಚ್ಚುಗಳನ್ನು ಬೆರೆಸಲು ಬಿಟ್ಟರು. 2ಕೆ20ರಲ್ಲಿ ಬಣ್ಣಬಣ್ಣದ ವೃತ್ತಗಳಿಂದ ಆರಿಸಬೇಕಾಯಿತು. ಪ್ಲೇಸ್ಟೇಷನ್ 5 ಮತ್ತು ಹೊಸ ಎಕ್ಸ್‌ಬಾಕ್ಸ್‌ಗೆ ಬಂದ 2ಕೆ21ರಿಂದ ಒಂದೊಂದು ಸಾಮರ್ಥ್ಯವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಅವಕಾಶ ಸಿಕ್ಕಿತು. ಆರಿಸುವ ಸ್ವಾತಂತ್ರ್ಯ ಹೆಚ್ಚಿದ ಹಾಗೆ ತಪ್ಪು ತಿಳಿವಳಿಕೆಗಳೂ ಹೆಚ್ಚಿದವು.

ತಪ್ಪು ಕಲ್ಪನೆ: ಓವರಾಲ್ 99 ಇದ್ದವನೇ ಎಲ್ಲರಿಗಿಂತ ದೊಡ್ಡ ಆಟಗಾರ

ವಾಸ್ತವ: ಓವರಾಲ್ ಎನ್ನುವುದು ಅಂಗಡಿ ಬಿಲ್ಲಿನ ಕೊನೆಯ ಸಾಲು. ಎಷ್ಟು ಖರ್ಚಾಯಿತು ಎಂದು ಹೇಳುತ್ತದೆ, ಚೀಲದಲ್ಲಿ ಏನಿದೆ ಎಂದು ಹೇಳುವುದಿಲ್ಲ. ಹತ್ತಾರು ಸಾಮರ್ಥ್ಯಗಳಿಗೆ ಬೇರೆಬೇರೆ ತೂಕ ಕೊಟ್ಟು ಗೇಮ್ ಈ ಒಂದು ಸಂಖ್ಯೆ ತೆಗೆಯುತ್ತದೆ. ಬುಟ್ಟಿಯ ಕೆಳಗೆ ನಿಂತು ರಿಬೌಂಡ್ ಹಿಡಿದು ಬ್ಲಾಕ್ ಹೊಡೆಯುವ, ಹದಿನೈದು ಅಡಿ ಆಚೆಯಿಂದ ಚೆಂಡು ಎಸೆಯಲೂ ಬಾರದ ಸೆಂಟರ್ 92 ಆಗಬಹುದು. ರಿಬೌಂಡ್‌ನತ್ತ ತಿರುಗಿಯೂ ನೋಡದ ಶೂಟಿಂಗ್ ಗಾರ್ಡ್ ಕೂಡ 92 ಆಗಬಹುದು. ಇಬ್ಬರಲ್ಲಿ ಯಾರು ಮೇಲು ಎಂಬ ಪ್ರಶ್ನೆಗೆ ಅರ್ಥವಿಲ್ಲ, ಉಳಿದ ನಾಲ್ವರು ಯಾರು ಎಂದು ಕೇಳಬೇಕು.

ಶಕೀಲ್ ಓನೀಲ್‌ನನ್ನೇ ನೋಡಿ. ಹತ್ತೊಂಬತ್ತು ಋತುಗಳ ವೃತ್ತಿಯಲ್ಲಿ ಅವನ ಫ್ರೀ ಥ್ರೋ ಯಶಸ್ಸು ಶೇ. 52.7, ಒಟ್ಟು ಹಾಕಿದ ತ್ರೀ ಪಾಯಿಂಟರ್ ಒಂದೇ ಒಂದು. ಈ ಎರಡು ಸಾಲನ್ನು ಬಿಲ್ಡರ್ ಪರದೆಯ ಮೇಲೆ ನೋಡಿದ ಇವತ್ತಿನ ಹುಡುಗ ‘ಬಿಲ್ಡ್ ಹಾಳಾಗಿದೆ’ ಎಂದು ಅಳಿಸಿಯೇ ಬಿಡುತ್ತಿದ್ದ. ಆದರೆ ಅವನೆದುರು ನಿಲ್ಲಬೇಕಾದ ಡಿಫೆಂಡರ್‌ಗಳಿಗೆ ಆ ಸಾಲುಗಳಿಂದ ಸಿಗುತ್ತಿದ್ದ ಸಮಾಧಾನ ಅಷ್ಟಕ್ಕಷ್ಟೇ.

ಇನ್ನೊಂದು ಸಂಗತಿ ಓವರಾಲ್‌ನಲ್ಲಿ ಕಾಣುವುದೇ ಇಲ್ಲ. ಗೇಮಿನಲ್ಲಿ ಬಹಳಷ್ಟು ಬಾಗಿಲು ತೆರೆಯುವುದು ನಿಗದಿಯಾದ ಅಂಕಗಳಲ್ಲಿ. ಎದುರಾಳಿಯ ಮೈಮೇಲೇ ಹಾರಿ ಡಂಕ್ ಮಾಡುವ ಚಲನೆಗಳು, ಚುರುಕಿನ ಡ್ರಿಬ್ಲಿಂಗ್ ವರಸೆಗಳು, ವಿಶೇಷ ಕೌಶಲಗಳಿಗೆ ಬಲ ಕೊಡುವ ಬ್ಯಾಡ್ಜ್‌ಗಳ ಮೇಲಿನ ಹಂತಗಳು, ಇವಕ್ಕೆಲ್ಲ ಇಂತಿಷ್ಟು ಅಂಕ ಬೇಕೇಬೇಕು ಎಂಬ ಗೆರೆ ಇರುತ್ತದೆ. ಒಂದು ಅಂಕ ಕಡಿಮೆಯಾದರೂ ಬಾಗಿಲು ತೆರೆಯದು. ಗೆರೆ ದಾಟಿದ ಮೇಲೆ ಇನ್ನೂ ಮೂರು ಅಂಕ ಸುರಿದರೆ, ಮುಂದಿನ ಗೆರೆ ಬರುವ ತನಕ, ಆಡುವಾಗ ಕಾಣುವ ವ್ಯತ್ಯಾಸ ತೀರಾ ಸ್ವಲ್ಪ. ಪಳಗಿದವರು ಬಿಲ್ಡ್ ಕಟ್ಟುವಾಗ ಗೆರೆಗೆ ಸರಿಯಾಗಿ ನಿಲ್ಲಿಸಿ, ಉಳಿದ ಅಂಕವನ್ನು ಬೇರೆ ಕಡೆ ಒಯ್ಯುತ್ತಾರೆ. ಹೊಸಬರು ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಾಕುತ್ತಾರೆ. ಕೊನೆಗೆ ಇಬ್ಬರ ಓವರಾಲ್ ಒಂದೇ ಆಗಿದ್ದರೂ ಒಬ್ಬನಿಗೆ ಆರು ಬಾಗಿಲು ತೆರೆದಿರುತ್ತವೆ, ಇನ್ನೊಬ್ಬ ಎಲ್ಲ ಬಾಗಿಲ ಹೊಸ್ತಿಲಲ್ಲೂ ನಿಂತಿರುತ್ತಾನೆ.

ತಪ್ಪು ಕಲ್ಪನೆ: ಎತ್ತರ ಹೆಚ್ಚಿದಷ್ಟೂ, ತೋಳು ಉದ್ದವಾದಷ್ಟೂ ಒಳ್ಳೆಯದು

ವಾಸ್ತವ: ಬಿಲ್ಡರ್‌ನಲ್ಲಿ ದೇಹದ ಪ್ರತಿ ಇಂಚಿಗೂ ಬೆಲೆ ಇದೆ. ಎತ್ತರ ಏರಿಸಿದರೆ ರಿಬೌಂಡ್, ಬ್ಲಾಕ್, ನಿಂತಲ್ಲಿಂದಲೇ ಡಂಕ್ ಮಾಡುವ ಸಾಮರ್ಥ್ಯಗಳ ಗರಿಷ್ಠ ಮಿತಿ ಏರುತ್ತದೆ. ವೇಗ, ಚೆಂಡಿನ ಮೇಲಿನ ಹಿಡಿತ, ದೂರದ ಶೂಟಿಂಗ್‌ನ ಮಿತಿ ಇಳಿಯುತ್ತದೆ. ತೋಳು ಉದ್ದ ಮಾಡಿದರೆ ಬ್ಲಾಕ್, ಸ್ಟೀಲ್‌ಗೆ ಲಾಭ, ಶೂಟಿಂಗ್‌ಗೆ ನಷ್ಟ. ತೂಕ ಹೆಚ್ಚಿದರೆ ಬಲ ಬರುತ್ತದೆ, ಓಟ ನಿಧಾನವಾಗುತ್ತದೆ. 

ಇದರಲ್ಲಿ ಯಾವುದು ನಿಜ ಆಟದಿಂದ ಬಂದದ್ದು, ಯಾವುದು ಗೇಮಿನವರು ಹಾಕಿದ ಸುಂಕ ಎಂದು ಬಿಡಿಸಿ ನೋಡಬೇಕು. ಆರೂವರೆ ಅಡಿ ಆಸುಪಾಸಿನ ಕವಾಯ್ ಲೆನರ್ಡ್‌ನ ತೋಳಳತೆ ಏಳು ಅಡಿ ಮೂರು ಇಂಚು. ಅವನ ಕೈಗೆ ಸಿಕ್ಕ ಚೆಂಡುಗಳನ್ನು ನೋಡಿದವರಿಗೆ ಸ್ಟೀಲ್‌ನ ಲೆಕ್ಕ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಆದರೆ ಉದ್ದ ತೋಳಿನವನಿಗೆ ಶೂಟಿಂಗ್ ಬಾರದು ಎಂಬುದು ಪ್ರಕೃತಿಯ ನಿಯಮವೇನಲ್ಲ. ಏಳು ಅಡಿ ನಾಲ್ಕು ಇಂಚಿಗೂ ಮಿಗಿಲಾದ ತೋಳಳತೆಯ ಕೆವಿನ್ ಡ್ಯುರಾಂಟ್ ಎಷ್ಟು ಚೆನ್ನಾಗಿ ಎಸೆಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಗೇಮಿನಲ್ಲಿ ಆ ಸುಂಕ ಇರದಿದ್ದರೆ ಎಲ್ಲರೂ ತೋಳನ್ನು ಕೊನೆಯ ಇಂಚಿನವರೆಗೆ ಎಳೆಯುತ್ತಿದ್ದರು, ಆಯ್ಕೆ ಎಂಬುದೇ ಇರುತ್ತಿರಲಿಲ್ಲ. ವಾಸ್ತವಕ್ಕೆ ದೂರವಾದರೂ ಈ ಸುಂಕ ನನಗೆ ಸರಿ ಕಾಣುತ್ತದೆ.

ಕುಳ್ಳ ಬಿಲ್ಡ್‌ಗಳನ್ನು ಕಂಡರೆ ನಗುವವರಿಗೆ ಮಗ್ಸಿ ಬೋಗ್ಸ್ ಹೆಸರು ನೆನಪಿಸಬೇಕು. ಐದು ಅಡಿ ಮೂರು ಇಂಚಿನ ಈ ಮನುಷ್ಯ ಎನ್‌ಬಿಎ ಇತಿಹಾಸದಲ್ಲೇ ಅತಿ ಕುಳ್ಳ. 1987-88ರಲ್ಲಿ ವಾಷಿಂಗ್ಟನ್ ತಂಡದಲ್ಲಿ ಏಳು ಅಡಿ ಏಳು ಇಂಚಿನ ಮನೂಟ್ ಬೋಲ್ ಪಕ್ಕದಲ್ಲಿ ನಿಂತು ವೃತ್ತಿ ಶುರುಮಾಡಿ, ಹದಿನಾಲ್ಕು ಋತು ಆಡಿದ. ಕಾಲ ಬಳಿ ಡ್ರಿಬಲ್ ಆಗುವ ಚೆಂಡು ಅವನ ಪಾಲಿಗೆ ಬೇರೆಯವರಿಗಿಂತ ಹತ್ತಿರ. ಎತ್ತರದ ಗಾರ್ಡ್‌ಗಳು ಅವನೆದುರು ಚೆಂಡನ್ನು ನೆಲಕ್ಕೆ ಬಡಿಯಲು ಹೆದರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. (ಹೇಳಿಕೊಳ್ಳುವ ಎತ್ತರದ ವಿಷಯದಲ್ಲಿ ಎನ್‌ಬಿಎ ತಾನೇ ಬಹುಕಾಲ ಧಾರಾಳಿಯಾಗಿತ್ತು. ಬೂಟು ಬಿಚ್ಚಿ ಅಳೆದ ಎತ್ತರವನ್ನೇ ತಂಡಗಳು ಕೊಡಬೇಕು ಎಂಬ ಕಟ್ಟುನಿಟ್ಟು ಬಂದದ್ದು 2019ರಲ್ಲಿ. ಹಲವರು ರಾತ್ರಿ ಬೆಳಗಾಗುವುದರೊಳಗೆ ಒಂದಿಂಚು ಎರಡಿಂಚು ಕುಗ್ಗಿದರು.)

ತಪ್ಪು ಕಲ್ಪನೆ: ತ್ರೀ ಪಾಯಿಂಟ್ ರೇಟಿಂಗ್ 85 ಎಂದರೆ ನೂರಕ್ಕೆ 85 ಬೀಳಬೇಕು

ವಾಸ್ತವ: ಅತಿ ಹೆಚ್ಚು ಸಿಟ್ಟು ಬರಿಸುವುದು ಇದೇ. ಸ್ಟೆಫೆನ್ ಕರಿ 2015-16ರಲ್ಲಿ 402 ತ್ರೀ ಹಾಕಿದ, ಆಗ ಅದು ಯಾರೂ ಕಂಡು ಕೇಳರಿಯದ ಸಂಖ್ಯೆ. ಆ ವರ್ಷವೂ ಅವನ ಯಶಸ್ಸು ಶೇ. 45.4. ಅಂದರೆ ಜಗತ್ತಿನ ಅತ್ಯುತ್ತಮ ಶೂಟರ್, ತನ್ನ ಅತ್ಯುತ್ತಮ ವರ್ಷದಲ್ಲಿ, ಎಸೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿಸಿದ್ದಾನೆ. ಗೇಮಿನ 99 ಎಂಬುದು ಶೇಕಡಾವಾರು ಆಗಲು ಸಾಧ್ಯವೇ ಇಲ್ಲ.

ಹಾಗಾದರೆ ಆ ಸಂಖ್ಯೆ ಏನು ಮಾಡುತ್ತದೆ? ಶೂಟ್ ಬಟನ್ ಒತ್ತಿ ಹಿಡಿದಾಗ ಪರದೆಯ ಆಟಗಾರ ಮಂಡಿ ಬಗ್ಗಿಸುತ್ತಾನೆ, ಚೆಂಡನ್ನು ಎದೆಯಿಂದ ಹಣೆಯ ಮೇಲಕ್ಕೆ ಒಯ್ಯುತ್ತಾನೆ, ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮಣಿಕಟ್ಟು ಮುಂದಕ್ಕೆ ಚಿಮ್ಮುವ ಹೊತ್ತಿಗೆ ಸರಿಯಾಗಿ ನಮ್ಮ ಹೆಬ್ಬೆರಳು ಬಟನ್ ಬಿಡಬೇಕು. ಸರಿಯಾದ ಆ ಗಳಿಗೆ ಕಣ್ಣು ಮಿಟುಕಿಸುವುದಕ್ಕಿಂತ ಕಿರಿದು. ಅದರಲ್ಲಿ ಬಿಟ್ಟರೆ ಮೀಟರ್ ಹಸಿರಾಗುತ್ತದೆ. ರೇಟಿಂಗ್ ಮಾಡುವ ಮುಖ್ಯ ಕೆಲಸ ಆ ಹಸಿರು ಗಳಿಗೆಯನ್ನು ಅಗಲ ಮಾಡುವುದು, ಸ್ವಲ್ಪ ತಪ್ಪಿದರೂ ಬೀಳುವ ಸಂಭವ ಹೆಚ್ಚಿಸುವುದು. ಡಿಫೆಂಡರ್ ಕೈ ಎತ್ತಿ ಮುಂದೆ ಬಂದರೆ ಗಳಿಗೆ ಕಿರಿದಾಗುತ್ತದೆ. ಓಡಿ ಓಡಿ ಸುಸ್ತಾಗಿದ್ದರೂ ಹಾಗೇ. ಆರಿಸಿಕೊಂಡ ಜಂಪ್ ಶಾಟ್‌ನ ವೇಗಕ್ಕೆ ಕೈ ಒಗ್ಗದಿದ್ದರೆ 90 ಇದ್ದರೂ ಚೆಂಡು ರಿಮ್ಮಿಗೆ ಬಡಿದು ಹಿಂದಿರುಗುತ್ತದೆ. 2ಕೆ25ರಲ್ಲಂತೂ ಎಷ್ಟು ಅಪಾಯ ತೆಗೆದುಕೊಳ್ಳುತ್ತೀರಿ ಎಂಬುದನ್ನೂ ಆಟಗಾರನಿಗೇ ಬಿಟ್ಟರು. ಅಪಾಯ ಹೆಚ್ಚಿಸಿಕೊಂಡರೆ ಸರಿಯಾದಾಗ ಹೆಚ್ಚು ಲಾಭ, ತಪ್ಪಿದಾಗ ಹೆಚ್ಚು ಪೆಟ್ಟು.

ಇಂಟರ್‌ನೆಟ್ ವಿಳಂಬದ ಮಾತು ಬೇರೆ. ಒಬ್ಬನೇ ಅಭ್ಯಾಸ ಮಾಡುವಾಗ ಹತ್ತಕ್ಕೆ ಎಂಟು ಹಸಿರು ಬರುತ್ತಿದ್ದವನು ಆನ್‌ಲೈನ್ ಪಂದ್ಯಕ್ಕೆ ಹೋದೊಡನೆ ಇಟ್ಟಿಗೆ ಎಸೆಯಲು ಶುರುಮಾಡುತ್ತಾನೆ. ಸರ್ವರ್ ದೂರವಿದ್ದಷ್ಟೂ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ಅಂತರ ಬೆಳೆಯುತ್ತದೆ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ಬೇರೆ ಖಂಡದ ಸರ್ವರ್‌ನಲ್ಲಿ ಆಡುವವನಿಗೆ ಈ ಅಂತರ ದಿನನಿತ್ಯದ ಗೋಳು. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುತ್ತೇವೆ, ಇಲ್ಲಿ ನೆಲ ಕೆಲವೊಮ್ಮೆ ನಿಜಕ್ಕೂ ಡೊಂಕೇ. ಆದರೆ ಅದಕ್ಕೆ ಮದ್ದು ತ್ರೀ ರೇಟಿಂಗ್‌ಗೆ ಇನ್ನೂ ಐದು ಅಂಕ ಸುರಿಯುವುದಲ್ಲ. ಕೈ ಎತ್ತುವ ಭಂಗಿ ಸ್ಪಷ್ಟವಾಗಿ ಕಾಣುವ, ತೀರಾ ಅವಸರವಿಲ್ಲದ ಜಂಪ್ ಶಾಟ್ ಹುಡುಕಿಕೊಳ್ಳುವುದು.

ತಪ್ಪು ಕಲ್ಪನೆ: ಯೂಟ್ಯೂಬ್‌ನಲ್ಲಿ ‘ಬೆಸ್ಟ್ ಬಿಲ್ಡ್’ ಸಿಗುತ್ತದೆ, ನಕಲು ಮಾಡಿದರೆ ಸಾಕು

ವಾಸ್ತವ: ಯಾರಿಗೆ ಬೆಸ್ಟ್, ಎಲ್ಲಿ ಬೆಸ್ಟ್, ಯಾವ ತಿಂಗಳಲ್ಲಿ ಬೆಸ್ಟ್? ಪಾರ್ಕ್ ಎಂಬ ಆನ್‌ಲೈನ್ ಅಂಗಳದ ಮೂವರ ಆಟದಲ್ಲಿ ಜಾಗ ವಿಶಾಲ, ಒಬ್ಬನೇ ಚೆಂಡು ಆಡಿಸಿಕೊಂಡು ಗೆಲ್ಲಿಸಬಹುದು. ಐವರ ತಂಡದಲ್ಲಿ ಅದೇ ಬಿಲ್ಡ್ ಇಬ್ಬರ ಬಳಿ ಇದ್ದರೆ ಒಬ್ಬ ಸುಮ್ಮನೆ ಮೂಲೆಯಲ್ಲಿ ನಿಲ್ಲುತ್ತಾನೆ. ವಿಡಿಯೋ ಮಾಡಿದವನು ದಿನಕ್ಕೆ ಎಂಟು ಗಂಟೆ ಆಡುವವನು. ಅವನ ಬೆರಳಿಗೆ ಬರುವ ಡ್ರಿಬ್ಲಿಂಗ್ ಸರಣಿ ನಮ್ಮ ಬೆರಳಿಗೆ ಬರದಿದ್ದರೆ, ಡ್ರಿಬ್ಲಿಂಗ್‌ಗೆ ಹಾಕಿದ ಅಂಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೇದ ಹಾಗೆ. 

ಆ ಕಾಲಕ್ಕೆ ಹೆಚ್ಚು ಫಲ ಕೊಡುವ ಬಿಲ್ಡ್‌ಗಳನ್ನು ಗೇಮರ್‌ಗಳು ‘ಮೆಟಾ’ ಎನ್ನುತ್ತಾರೆ. ಮೆಟಾ ಇಲ್ಲವೆಂದು ಯಾರೂ ವಾದಿಸಲಾರರು. 2ಕೆ19ರಲ್ಲಿ ದೂರದಿಂದ ತ್ರೀ ಎಸೆಯುವ ದೈತ್ಯ ಸೆಂಟರ್‌ಗಳ ಕಾಟಕ್ಕೆ ಜನ ರೋಸಿಹೋಗಿದ್ದರು. 2ಕೆ20ರಲ್ಲಿ ಶೂಟಿಂಗ್ ವೇಗ ಹೆಚ್ಚಿಸುವ ‘ಕ್ವಿಕ್ ಡ್ರಾ’ ಬ್ಯಾಡ್ಜ್ ಇಲ್ಲದ ಶೂಟರ್‌ನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಮೆಟಾ ಹಿಡಿದು ಬಿಲ್ಡ್ ಕಟ್ಟುವವನ ತೊಂದರೆ ಎಂದರೆ, ಎದುರಾಳಿಗೂ ಅದೇ ವಿಡಿಯೋ ಗೊತ್ತು, ಗೇಮ್ ತಯಾರಿಸುವವರಿಗೂ ಗೊತ್ತು. ಮುಂದಿನ ಪ್ಯಾಚ್, ಅಂದರೆ ಗೇಮಿನ ತಿದ್ದುಪಡಿ, ಮೊದಲು ಬೀಳುವುದು ಅದರ ಮೇಲೆಯೇ. ಹಾಗಾಗಿ ನಾನು ಕೊಡುವ ಸಲಹೆ ಸಣ್ಣದು: ಬಿಲ್ಡರ್‌ನಲ್ಲಿ ಪರೀಕ್ಷಿಸಿ ನೋಡುವ ಅವಕಾಶ ಇದ್ದರೆ ಪೂರ್ತಿ ಬಳಸಿಕೊಳ್ಳಿ. ಒಪ್ಪಿಗೆ ಒತ್ತಿದ ಮೇಲೆ ದೇಹದ ಅಳತೆ ಬದಲಾಗದು, ಸುರಿದ ಹಣ ವಾಪಸಾಗದು.

ತಪ್ಪು ಕಲ್ಪನೆ: ಬ್ಯಾಡ್ಜ್ ಹೆಚ್ಚಿದಷ್ಟೂ ಒಳ್ಳೆಯದು

ವಾಸ್ತವ: ಬ್ಯಾಡ್ಜ್ ಕೆಲಸ ಮಾಡುವುದು ಅದಕ್ಕೆ ಹೇಳಿದ ಸಂದರ್ಭ ಬಂದಾಗ ಮಾತ್ರ. ಬುಟ್ಟಿಗೆ ಬೆನ್ನು ಹಾಕಿ ಆಡುವ ಅಭ್ಯಾಸವೇ ಇಲ್ಲದವನಿಗೆ ಆ ಆಟದ ಚಿನ್ನದ ಬ್ಯಾಡ್ಜ್ ಅಲಂಕಾರ ಅಷ್ಟೇ. 2ಕೆ25ರಲ್ಲಿ ಬ್ಯಾಡ್ಜ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಹಾಲ್ ಆಫ್ ಫೇಮ್ ಎಂಬ ಹಂತದ ಮೇಲೆ ‘ಲೆಜೆಂಡ್’ ಎಂಬ ಇನ್ನೊಂದು ಹಂತ ಇಟ್ಟದ್ದು ಒಳ್ಳೆಯ ಕೆಲಸವೆಂದೇ ನನ್ನ ಲೆಕ್ಕ. ಹತ್ತು ಕಂಚು ಹೊತ್ತವನಿಗಿಂತ ತನ್ನ ಆಟಕ್ಕೆ ಹೊಂದುವ ಎರಡು ಬ್ಯಾಡ್ಜ್ ಮೇಲಿನ ಹಂತದಲ್ಲಿ ಇಟ್ಟುಕೊಂಡವನು ಅಪಾಯಕಾರಿ.

ತಪ್ಪು ಕಲ್ಪನೆ: ನಿಜವಾದ ತಾರೆಯರಂತಹ ಆಟಗಾರನನ್ನು ಕಟ್ಟಲು ಬಿಡದಿರುವುದು ಅನ್ಯಾಯ

ವಾಸ್ತವ: ನಿಕೊಲಾ ಯೋಕಿಚ್ ಸೆಂಟರ್ ಆಗಿದ್ದುಕೊಂಡೇ ಗಾರ್ಡ್‌ನಂತೆ ಪಾಸ್ ಕೊಡುತ್ತಾನೆ, ತ್ರೀ ಹಾಕುತ್ತಾನೆ, ರಿಬೌಂಡ್ ಹಿಡಿಯುತ್ತಾನೆ. ಬಿಲ್ಡರ್‌ನಲ್ಲಿ ಅವನನ್ನು ಹಾಗೇ ಕಟ್ಟಲು ಹೊರಟರೆ ಅರ್ಧದಲ್ಲೇ ಅಂಕ ಮುಗಿಯುತ್ತದೆ. ಇದು ಮೋಸ ಎಂದು ದೂರುವವರು ಒಂದು ವಿಷಯ ಮರೆಯುತ್ತಾರೆ. 2014ರ ಡ್ರಾಫ್ಟ್‌ನಲ್ಲಿ 41ನೆಯವನಾಗಿ ಆಯ್ಕೆಯಾದ, ಆಮೇಲೆ ಮೂರು ಬಾರಿ ಎಂವಿಪಿ, ಅಂದರೆ ಋತುವಿನ ಅತ್ಯಮೂಲ್ಯ ಆಟಗಾರ, ಆದ ಯೋಕಿಚ್ ಲೀಗಿನಲ್ಲಿ ಇರುವುದು ಒಬ್ಬನೇ. ಬಿಲ್ಡರ್ ಬಿಟ್ಟುಕೊಟ್ಟರೆ ಪಾರ್ಕಿನಲ್ಲಿ ನಿಂತ ಪ್ರತಿಯೊಬ್ಬನೂ ಯೋಕಿಚ್. ಆಗ ಪಾಸ್ ಕೊಡಬಲ್ಲ ಸೆಂಟರ್ ಎಂಬುದಕ್ಕೆ ಏನು ಬೆಲೆ? 1980ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಗಾಯಗೊಂಡ ಕರೀಮ್ ಅಬ್ದುಲ್-ಜಬ್ಬಾರ್ ಬದಲು ಪಾಯಿಂಟ್ ಗಾರ್ಡ್ ಮ್ಯಾಜಿಕ್ ಜಾನ್ಸನ್ ಸೆಂಟರ್ ಜಾಗದಲ್ಲಿ ನಿಂತು 42 ಪಾಯಿಂಟ್, 15 ರಿಬೌಂಡ್, 7 ಅಸಿಸ್ಟ್ ಗಳಿಸಿದ್ದನ್ನು ಇಂದಿಗೂ ಜನ ಹೇಳುವುದು ಅಂತಹವರು ಅಪರೂಪ ಎಂಬ ಕಾರಣಕ್ಕೆ. 2ಕೆ25ರಿಂದ ಬಂದ ‘ಕ್ಯಾಪ್ ಬ್ರೇಕರ್’ ಮಿತಿಯನ್ನು ಕೊಂಚ ದಾಟಲು ಬಿಡುತ್ತದೆ, ಅದನ್ನು ಆಡಿ ಸಂಪಾದಿಸಬೇಕು. ಅಷ್ಟು ಸಡಿಲ ಸಾಕು.

ತಪ್ಪು ಕಲ್ಪನೆ: ದುಡ್ಡಿದ್ದವನೇ ಗೆಲ್ಲುತ್ತಾನೆ

ವಾಸ್ತವ: ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲು ನನ್ನಿಂದಾಗದು. ವಿಸಿ ಎಂಬ ಗೇಮಿನೊಳಗಿನ ನಾಣ್ಯ 2ಕೆ13ರಲ್ಲಿ ಬಂತು. ಆಟಗಾರ 60ರ ಆಸುಪಾಸಿನಲ್ಲಿ ಹುಟ್ಟುತ್ತಾನೆ, ಮೇಲೇರಬೇಕಾದರೆ ವಿಸಿ ಬೇಕು. ಆಡಿ ಗಳಿಸಬಹುದು, ಇಲ್ಲವೇ ನಿಜ ದುಡ್ಡು ಕೊಟ್ಟು ಕೊಳ್ಳಬಹುದು. ಕೊಂಡದ್ದರಿಂದ ಬಿಲ್ಡ್‌ನ ಗರಿಷ್ಠ ಮಿತಿ ಒಂದಿಂಚೂ ಏರುವುದಿಲ್ಲ, ಆ ಮಟ್ಟಿಗೆ ಕಲ್ಪನೆ ತಪ್ಪು. ಆದರೆ ಗೇಮ್ ಬಿಡುಗಡೆಯಾದ ಮೊದಲ ವಾರ 65ರ ಹುಡುಗ ಪಾರ್ಕಿಗೆ ಹೋದರೆ ಎದುರಿಗೆ 90 ನಿಂತಿರುತ್ತದೆ. ಸಮಯ ಕೊಂಡವನಿಗೂ ಕೊಳ್ಳದವನಿಗೂ ನಡುವಿನ ಆ ಅಂತರ ನಿಜ. ಮೊದಲೇ ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮಿನಲ್ಲಿ ಇದು ಹೇಗೂ ಸಮರ್ಥಿಸಿಕೊಳ್ಳಲಾಗದ ವಸೂಲಿ.

2017ರ ಸೆಪ್ಟೆಂಬರ್‌ನಲ್ಲಿ 2ಕೆ18 ಬಂದಾಗ ಪರದೆಯ ಮೇಲಿನ ಹುಡುಗನಿಗೆ ಕ್ಷೌರ ಮಾಡಿಸುವುದಕ್ಕೂ ಕೇಳುತ್ತಿದ್ದ ವಿಸಿ ನೋಡಿ ಜನ ಎಷ್ಟು ಕೂಗಾಡಿದರೆಂದರೆ, ಕಂಪನಿ ಕೆಲವೇ ದಿನಗಳಲ್ಲಿ ಆ ದರ ಇಳಿಸಿತು. ಇನ್ನೊಂದು ಮಾತು: ಈ ವರ್ಷದ ಬಿಲ್ಡ್ ಮುಂದಿನ ವರ್ಷದ ಗೇಮಿಗೆ ಬರುವುದಿಲ್ಲ. 2ಕೆ20ರ ಸರ್ವರ್‌ಗಳನ್ನು 2021ರ ಡಿಸೆಂಬರ್ 31ಕ್ಕೆ ನಿಲ್ಲಿಸಿದರು, ಆನ್‌ಲೈನ್ ಆಡುತ್ತಿದ್ದ ಬಿಲ್ಡ್‌ಗಳ ಕತೆ ಅಲ್ಲಿಗೆ ಮುಗಿಯಿತು. ವಿಸಿ ಕೊಳ್ಳುವ ಮೊದಲು ಈ ತಾರೀಖು ನೆನಪಿರಲಿ.

ತಪ್ಪು ಕಲ್ಪನೆ: ಪ್ಯಾಚ್, ನರ್ಫ್ ಎಲ್ಲ ಗೇಮಿನವರ ಕಿತಾಪತಿ, ನಿಜ ಆಟದಲ್ಲಿ ಹೀಗಿಲ್ಲ

ವಾಸ್ತವ: ಬಲ ಕುಗ್ಗಿಸುವ ಪ್ಯಾಚ್‌ಗೆ ಗೇಮರ್‌ಗಳು ನರ್ಫ್ ಎನ್ನುತ್ತಾರೆ. ಕಿತಾಪತಿ ನಡೆದದ್ದೂ ಉಂಟು, ಅದನ್ನು ಮೊದಲು ಹೇಳಿಬಿಡೋಣ. 1993ರ ‘ಎನ್‌ಬಿಎ ಜ್ಯಾಮ್’ ಮಾಡಿದ ಮಾರ್ಕ್ ಟರ್ಮೆಲ್ ಡೆಟ್ರಾಯಿಟ್ ಪಿಸ್ಟನ್ಸ್‌ನ ಭಕ್ತ. ಚಿಕಾಗೊ ಬುಲ್ಸ್ ತಂಡ ಪಿಸ್ಟನ್ಸ್ ವಿರುದ್ಧ ಕಡೇ ಗಳಿಗೆಯಲ್ಲಿ ಎಸೆಯುವ ಚೆಂಡು ಬೀಳುವ ಸಂಭವ ಕಡಿಮೆಯಾಗುವಂತೆ ಕೋಡ್ ಬರೆದಿದ್ದೆ ಎಂದು ಅವನೇ ಆಮೇಲೆ ಒಪ್ಪಿಕೊಂಡ. ಹಿಂದೆ ಬಿದ್ದವನಿಗೆ ಗುಟ್ಟಾಗಿ ಕೈಹಿಡಿದು ಪಂದ್ಯ ಬಿಗಿಯಾಗಿಸುವ ಏರ್ಪಾಡೂ ಆ ಗೇಮಿನಲ್ಲಿತ್ತು.

ಆದರೆ ನಿಜವಾದ ಬಾಸ್ಕೆಟ್‌ಬಾಲ್ ಪ್ಯಾಚ್ ಆಗದ ಆಟ ಎಂಬುದಂತೂ ಶುದ್ಧ ಕಲ್ಪನೆ. ಮಿನಿಯಾಪೊಲಿಸ್‌ನ ದೈತ್ಯ ಜಾರ್ಜ್ ಮೈಕನ್ ಬುಟ್ಟಿಯ ಕೆಳಗೆ ನಿಂತು ಪಾಯಿಂಟ್ ಬಾಚುತ್ತಿದ್ದಾಗ ಎನ್‌ಬಿಎ 1951ರಲ್ಲಿ ಬುಟ್ಟಿಯ ಮುಂದಿನ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲ ಮಾಡಿತು. ಅದರೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲವಾದ್ದರಿಂದ ಮೈಕನ್ ದೂರ ಸರಿಯಲೇಬೇಕಾಯಿತು. ವಿಲ್ಟ್ ಚೇಂಬರ್ಲೇನ್ ಬಂದ ಮೇಲೆ ಅದೂ ಸಾಲದಾಗಿ 1964ರಲ್ಲಿ 16 ಅಡಿ ಆಯಿತು. ಲ್ಯೂ ಆಲ್ಸಿಂಡರ್, ಮುಂದೆ ಕರೀಮ್ ಆದವನು, ಯುಸಿಎಲ್‌ಎ ತಂಡಕ್ಕೆ ಆಡುತ್ತಿದ್ದ ಕಾಲದಲ್ಲಿ, 1967ರಲ್ಲಿ, ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಡಂಕ್ ಮಾಡುವುದನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1976ರಲ್ಲಿ. ಇದಕ್ಕಿಂತ ದೊಡ್ಡ ನರ್ಫ್ ಯಾವ ಗೇಮಿನವರೂ ಮಾಡಿಲ್ಲ.

ಇನ್ನೊಂದು ದಿಕ್ಕಿನ ಬದಲಾವಣೆಗಳೂ ಇವೆ. ಕುಳ್ಳರಿಗೆ, ದೂರದಿಂದ ಎಸೆಯುವವರಿಗೆ ಬೆಲೆ ತಂದ ತ್ರೀ ಪಾಯಿಂಟ್ ಗೆರೆ ಎನ್‌ಬಿಎಗೆ 1979-80ರಲ್ಲಿ ಬಂತು. ಗಾರ್ಡ್‌ಗಳನ್ನು ಕೈಯಿಂದ ತಡೆದು ನಿಲ್ಲಿಸುವ ಡಿಫೆನ್ಸ್‌ನ ಮೇಲೆ 2004-05ರಲ್ಲಿ ಬಿಗಿ ಮಾಡಿದ ಮೇಲೆ ಚುರುಕು ಕಾಲಿನವರ ಕಾಲ ಬಂತು. ಗೇಮ್ ಭಾಷೆಯಲ್ಲಿ ಇವು ಬಫ್, ಅಂದರೆ ಬಲ ಹೆಚ್ಚಿಸುವ ಪ್ಯಾಚ್.

ಹಾಕಿದ ಪ್ಯಾಚ್ ಹಿಂತೆಗೆದುಕೊಂಡದ್ದೂ ಇದೆ. ಪಾಯಿಂಟ್ ಬೀಳುವುದು ಕಡಿಮೆಯಾಯಿತೆಂದು 1994-95ರಲ್ಲಿ ಎನ್‌ಬಿಎ, ಎದುರಿನಿಂದ 23 ಅಡಿ 9 ಇಂಚು ದೂರವಿದ್ದ ತ್ರೀ ಗೆರೆಯನ್ನು ಸುತ್ತಲೂ 22 ಅಡಿಗೆ ಎಳೆದುಕೊಂಡಿತು. ಮೂರು ಋತು ಹಾಗೇ ನಡೆಯಿತು, ಆಮೇಲೆ 1997-98ರಲ್ಲಿ ಗೆರೆ ಹಳೆಯ ಜಾಗಕ್ಕೇ ವಾಪಸ್ ಹೋಯಿತು. ಆ ಮೂರು ಋತುಗಳಲ್ಲಿ ಹತ್ತಿರದ ಗೆರೆಯಿಂದ ಹಾಕಿದ ತ್ರೀಗಳು ದಾಖಲೆ ಪುಸ್ತಕದಲ್ಲಿ ಇವತ್ತಿಗೂ ಮೂರು ಪಾಯಿಂಟಿನವೇ.